ಮಗ್ಗ ದಾಟಬಾರದ ಕಂಬಳಿ

ನಮ್ಮ ಕಾಕಾನಿಗೆ, ಅಂದರೆ ಅಪ್ಪನ ತಮ್ಮನಿಗೆ, ದೇವರ ಮೇಲೆ ಎಷ್ಟು ಭಕ್ತಿಯಿತ್ತೋ ನನಗೆ ಗೊತ್ತಿಲ್ಲ, ಗೂಟದ ಮೇಲಂತೂ ವಿಪರೀತ ಭಕ್ತಿ! ದನ ಕಟ್ಟುವ ಗೂಟವಲ್ಲ. ಚಳಿಗಾಲದಲ್ಲಿ ಕಂಬಳಿ ನೇತುಹಾಕಲು ಗೋಡೆಗೆ ಬಡಿಯುವ ಗೇಣುದ್ದದ ಜಾಲಿಯ ಗೂಟ. ಉಳಿದವರು ದೀಪಾವಳಿಗೆ ಎಣ್ಣೆ ಹಚ್ಚಿಕೊಂಡು ಸ್ನಾನ ಮಾಡಿದರೆ, ಕಾಕಾ ಗೂಟಗಳಿಗೆ ಎಣ್ಣೆ ಹಚ್ಚುತ್ತಿದ್ದರು. ಇಂಥವರನ್ನು ನೀವು ಬೇರೆಲ್ಲಾದರೂ ಕಂಡಿದ್ದೀರಾ?

ಅವರ ಪರವಾಗಿಯೂ ಒಂದು ಮಾತು ಹೇಳಬೇಕು. ಬನಹಟ್ಟಿಯ ನಮ್ಮ ಮನೆ ನೇಕಾರರ ಮನೆ. ತಲಬಾಗಿಲು ದಾಟಿದರೆ ಒಂದು ಮಾರು ಗೋಡೆ, ಅದು ಮುಗಿಯುವಷ್ಟರಲ್ಲಿ ನೆಲದ ಕುಣಿಯಲ್ಲಿ ಕಾಲಿಳಿಬಿಟ್ಟು ನೇಯುವ ಕುಣಿಮಗ್ಗ. ಮಗ್ಗಕ್ಕೂ ಗೋಡೆಗೂ ನಡುವೆ ಉಳಿದ ಸಂದಿಯೇ ಮನೆಯೊಳಗೆ ಹೋಗುವ ದಾರಿ. ಕೊಡ ಹೊತ್ತ ಅವ್ವ ಅಡ್ಡ ತಿರುಗಿ ಬರಬೇಕು, ಹೊಟ್ಟೆ ಬಂದಿದ್ದ ಅಪ್ಪ ಉಸಿರು ಹಿಡಿದು ಬರಬೇಕು. ಇನ್ನು ಚಳಿ ಬಿತ್ತೆಂದರೆ ಮನೆಮಂದಿಯ ಕಂಬಳಿ, ಶಾಲು, ಮಫ್ಲರು, ಉಣ್ಣೆ ಟೊಪ್ಪಿಗೆ, ಕೂಸುಗಳ ಕುಂಚಿಗೆ ಎಲ್ಲಕ್ಕೂ ಜಾಗವೆಲ್ಲಿ?

ಒಳಗೆ ಒಯ್ದರಾಯಿತಲ್ಲ ಎನ್ನುತ್ತೀರಿ. ಅಲ್ಲೇ ಇರುವುದು ಮಜಾ. ಉಣ್ಣೆಯ ವಸ್ತು ಮಗ್ಗ ದಾಟಬಾರದು ಎಂಬುದು ಕಾಕಾನ ಕಾಯಿದೆ. ಒಂದು ವರ್ಷ ಅವರು ನೇಯ್ದ ಸೀರೆಯನ್ನು ರಬಕವಿಯ ವ್ಯಾಪಾರಿ ಬಿಚ್ಚಿ ನೋಡಿದರೆ, ಕೆಂಪು ಸೆರಗಿನ ನಟ್ಟನಡುವೆ ಒಂದು ಕರಿಯ ಕೂದಲು! ಯಾರದೋ ಕಂಬಳಿಯಿಂದ ಉದುರಿ, ಮಗ್ಗಕ್ಕೆ ಉದ್ದಕ್ಕೆ ಬಿಗಿದ ಹಾಸಿನ ಮೇಲೆ ಬಿದ್ದು, ನೂಲಿನ ಜೊತೆ ಸೇರಿ ನೇಯ್ದು ಹೋಗಿತ್ತು. ವ್ಯಾಪಾರಿ ಮಡಚಿ ವಾಪಸು ಕೊಟ್ಟ. ‘ಸೀರಿ ಉಡಾವ್ರು ಮಂದಿರಿ, ಕುರಿ ಅಲ್ಲ’ ಎಂದನಂತೆ. ಆ ಮಾತು ಕಾಕಾನ ಎದೆಯಲ್ಲಿ ಮುಳ್ಳಿನಂತೆ ಉಳಿಯಿತು. ಅಂದಿನಿಂದ ಉಣ್ಣೆಯದೆಲ್ಲ ಬಾಗಿಲ ಬಳಿಯ ಆ ಒಂದು ಮಾರು ಗೋಡೆಯ ಮೇಲೇ ಇರಬೇಕು.

ಬರೀ ಇದ್ದರೆ ಸಾಕೆ? ಅದಕ್ಕೊಂದು ಕ್ರಮ! ಬೆಳಿಗ್ಗೆ ಮನೆಯಿಂದ ಮೊದಲು ಹೊರಬೀಳುವವರ ಗೂಟ ಬಾಗಿಲಿಗೆ ಹತ್ತಿರ. ಎತ್ತರ ಅವರವರ ಕೈಗೆ ತಕ್ಕಂತೆ. ದೀಪಾವಳಿಯ ಮಾರನೆಯ ದಿನ ನಾವು ಮಕ್ಕಳೆಲ್ಲ ಗೋಡೆಗೆ ಬೆನ್ನು ಹಚ್ಚಿ ಕೈ ಎತ್ತಿ ನಿಲ್ಲಬೇಕು. ಹಿಮ್ಮಡಿ ಎತ್ತಿದವರಿಗೆ ಬೈಗುಳ. ಬೆಳೆದವರ ಗೂಟ ಮೇಲಕ್ಕೇರುತ್ತಿತ್ತು, ಹಳೆಯ ತೂತಿಗೆ ಮಣ್ಣು ಮೆತ್ತುತ್ತಿದ್ದರು. ನಾನು ಒಂದು ವರ್ಷ ಬೆಳೆಯಲೇ ಇಲ್ಲ. ಕಾಕಾ ನನ್ನ ಗೂಟವನ್ನೂ ನನ್ನನ್ನೂ ನೋಡಿ, ಅವ್ವನ ಕಡೆ ತಿರುಗಿ, ‘ವೈನಿ, ಇಕಿಗೆ ಉಣ್ಣಾಕ ಹಾಕತೀರೋ ಇಲ್ಲೋ’ ಎಂದು ವಿಚಾರಣೆ ಮಾಡಿದರು.

ಮೊದಲ ಗೂಟಕ್ಕಾಗಿ ಮಾತ್ರ ನಮ್ಮ ಮನೆಯಲ್ಲಿ ಯುದ್ಧವೇ ನಡೆಯಿತು. ಜಮಖಂಡಿ ಸಂಸ್ಥಾನಕ್ಕೂ ಮುಧೋಳ ಸಂಸ್ಥಾನಕ್ಕೂ ಗಡಿಯ ಬಗ್ಗೆ ಅಷ್ಟು ಮಾತುಕತೆ ನಡೆದಿರಲಿಕ್ಕಿಲ್ಲ!

‘ಮನಿ ಯಜಮಾನ ನಾ. ಬಾಗಲ ಕಡಿ ಗೂಟ ನನ್ನದು’ ಎಂದರು ಅಪ್ಪ.

‘ಯಜಮಾನ ನೀನ ಅಣ್ಣಾ. ಖರೆ ಕತ್ತಲದಾಗ ಎದ್ದು ನೀರಿಗೆ ಹೋಗಾಕಿ ವೈನಿ. ನೀ ನೀರಿಗೆ ಹೋಗತಿದ್ರ ಹೇಳು, ಈಗ ಬದಲ ಮಾಡತೀನಿ.’

ಅಪ್ಪ ಮತ್ತೆ ಆ ಸುದ್ದಿಗೆ ಹೋಗಲಿಲ್ಲ. ಆದರೆ ಆ ಚಳಿಗಾಲದಲ್ಲೇ ಅವರು ಸ್ವಲ್ಪ ತಡವಾಗಿ ಏಳತೊಡಗಿದ್ದನ್ನು ಗಮನಿಸಿದ ಕಾಕಾ, ಯಾರಿಗೂ ಹೇಳದೆ ಅವರ ಗೂಟವನ್ನು ಒಳಕ್ಕೆ ಸರಿಸಿಬಿಟ್ಟರು. ಮರುದಿನ ಅಪ್ಪ ನಸುಕಿನಲ್ಲಿ ರೂಢಿಯಂತೆ ಕೈ ಚಾಚಿ, ಸಿಕ್ಕಿದ್ದನ್ನು ರುಮಾಲಿನ ಮೇಲೆ ಹೊದ್ದುಕೊಂಡು ನೂಲಿನ ಅಂಗಡಿಗೆ ಹೊರಟರು. ದಾರಿಯುದ್ದಕ್ಕೂ ಹಿಂದೆ ಗೆಜ್ಜೆಯ ಸಪ್ಪಳ. ಯಾರದೋ ಆಡು ಬೆನ್ನು ಹತ್ತಿದೆ ಎಂದುಕೊಂಡು ನಡುನಡುವೆ ತಿರುಗಿ ‘ಹೋಗಲೇ’ ಎಂದು ಗದರಿಸಿದರಂತೆ. ಅಂಗಡಿಯಲ್ಲಿ ದೀಪದ ಮುಂದೆ ನಿಂತಾಗಲೇ ತಿಳಿದದ್ದು, ತಲೆಯ ಮೇಲಿದ್ದದ್ದು ನನ್ನ ತಮ್ಮನ ಗೆಜ್ಜೆ ಕಟ್ಟಿದ ಕುಂಚಿಗೆ!

ಮನೆಗೆ ಬಂದು ಅಪ್ಪ ಕೂಗಾಡಿದರು. ಕಾಕಾ ಲಾಳಿ ನಿಲ್ಲಿಸದೆ ಹೇಳಿದರು: ‘ಹೊತ್ತಿಗಿ ಸರಿಯಾಗಿ ಎದ್ದಿದ್ರ ನಿನ್ನ ಗೂಟ ಅಲ್ಲೇ ಇರತಿತ್ತು.’

ಈ ಕಾಕಾನಿಗೆ ಒಬ್ಬಳೇ ಮಗಳು, ಗಂಗಕ್ಕ. ಅವಳು ಚಿಕ್ಕವಳಿದ್ದಾಗಲೇ ಅವಳ ತಾಯಿ, ನಮ್ಮ ಕಾಕು, ತೀರಿಕೊಂಡಿದ್ದರು. ಸಾಕಿದವಳು ನಮ್ಮ ಅವ್ವ. ಗಂಗಕ್ಕನದು ಒಂದು ಸಣ್ಣ ಕರಿಯ ಕಂಬಳಿ. ಅದರ ಗೂಟಕ್ಕೆ ಮಾತ್ರ ಕಾಕಾ ತುದಿಯನ್ನು ಹೆರೆದು ನುಣುಪು ಮಾಡಿದ್ದರು. ಎಳೆ ಸಿಕ್ಕಿ ಹರಿಯಬಾರದಂತೆ! ನಮ್ಮ ಎಳೆಗಳೇನು ಹರಿಯಬಹುದಿತ್ತೆ ಎಂದು ನಾವು ಕೇಳಲಿಲ್ಲ.

ಮುಧೋಳದಿಂದ ಒಂದು ಕಡೆಯವರು ಗಂಗಕ್ಕನನ್ನು ನೋಡಲು ಬಂದು ಹೋದರು. ಹುಡುಗ ಹೊಲ ಮಾಡುವವನು, ಮಾತು ಕಡಿಮೆ. ಗಂಗಕ್ಕನಿಗೆ ಒಪ್ಪಿಗೆಯೋ ಇಲ್ಲವೋ ಎಂದು ಅವ್ವ ತಲೆ ಕೆಡಿಸಿಕೊಂಡಿದ್ದರೆ ಕಾಕಾ ಥಟ್ಟನೆ ಹೇಳಿಬಿಟ್ಟರು: ‘ಒಪ್ಪ್ಯಾಳ್ರಿ ವೈನಿ. ನಿನ್ನಿಯಿಂದ ಖಬರಿಲ್ಲದ ತನ್ನ ಕಂಬಳಿ ನಮ್ಮ ಅಣ್ಣನ ಗೂಟಕ್ಕ ಹಾಕಾಕತ್ತಾಳ. ಹುಟ್ಟಿದಾಗಿಂದ ಹಿಂಗ ಮಾಡಿಲ್ಲ.’ ಗಂಗಕ್ಕ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಓಡಿದಳು.

ಇನ್ನು ನಾವು ಹೋಗಿ ಅವರ ಮನೆ ನೋಡಿ ಬರುವುದಷ್ಟೇ ಬಾಕಿ. ಅಪ್ಪ, ಕಾಕಾ ಚಕ್ಕಡಿ ಹೂಡಿಸಿದರು, ಹಠ ಮಾಡಿ ನಾನೂ ಹತ್ತಿದೆ. ಮುಧೋಳದ ಆ ಮನೆ ನೋಡಿ ನನ್ನ ಬಾಯಿ ತೆರೆದೇ ಉಳಿಯಿತು. ಪಡಸಾಲೆಯಲ್ಲಿ ಚಕ್ಕಡಿ ತಿರುಗಿಸಬಹುದು! ಹೊಲ, ಎತ್ತು, ನೆಲದಡಿ ಜೋಳ ತುಂಬುವ ಹಗೇವು ಎಲ್ಲ ನೋಡಿ ಅಪ್ಪ ತಲೆದೂಗಿದರು. ಕಾಕಾನ ಕಣ್ಣು ಮಾತ್ರ ಬಾಗಿಲ ಮೂಲೆಯಲ್ಲಿ ನೆಟ್ಟಿತ್ತು. ಅಲ್ಲಿ ಮನೆಮಂದಿಯ ಕಂಬಳಿಗಳೆಲ್ಲ ಒಂದರ ಮೇಲೊಂದು ರಾಶಿ ಬಿದ್ದಿದ್ದವು. ಚಳಿಯಾದವರು ಬಂದು ಮೇಲಿನದನ್ನು ಎಳೆದುಕೊಂಡು ಹೋಗುತ್ತಿದ್ದರು.

‘ನಮ್ಮ ಹುಡುಗಿ ಕಂಬಳಿಗಿ ಗೂಟ ಯಾವುದ್ರಿ?’ ಎಂದರು ಕಾಕಾ.

ಹುಡುಗನ ತಂದೆ ನಕ್ಕರು. ‘ಮನಿ ತುಂಬ ಜಾಗಾ ಐತ್ರಿ. ಗೂಟ ಯಾಕ ಬೇಕು?’

‘ಎಲ್ಲಾ ಕಡಿ ಜಾಗಾ ಇದ್ರ, ತನ್ನದ ಅನ್ನೂ ಜಾಗಾ ಒಂದೂ ಇರೂದಿಲ್ರಿ.’

‘ಅಲ್ರೀ, ನೀವು ಹುಡುಗಿ ಕೊಡಾಕ ಬಂದೀರೋ, ಕಂಬಳಿ ಕೊಡಾಕ ಬಂದೀರೋ?’

‘ಕಂಬಳಿಗೇ ಜಾಗಾ ಇಲ್ಲದ ಮನ್ಯಾಗ ಹುಡುಗಿಗಿ ಎಲ್ಲೆ ಇರತೈತ್ರಿ?’

ಅಪ್ಪ ಕಾಕಾನ ಅಂಗಿ ಜಗ್ಗಿದರು. ತಡವಾಗಿತ್ತು. ಆ ಹಿರಿಯರು ಎದ್ದು ನಿಂತು, ‘ಗೂಟ ಇದ್ದ ಮನಿ ನೋಡಿಕೊಳ್ರಿ’ ಎಂದರು. ವೀಳ್ಯದ ತಟ್ಟೆ ಒಳಗೆ ಹೋಯಿತು. ನಾವು ಚಕ್ಕಡಿ ಹತ್ತಿದೆವು.

ಮನೆಯಲ್ಲಿ ಸುದ್ದಿ ಕೇಳಿದ ಗಂಗಕ್ಕ ಅಳಲಿಲ್ಲ, ಜಗಳ ಮಾಡಲಿಲ್ಲ. ಬಾಗಿಲಿಗೆ ಹೋಗಿ ತನ್ನ ಕಂಬಳಿ ತೆಗೆದಳು. ಅದನ್ನು ಹೊದ್ದುಕೊಂಡು ಕಾಕಾನ ಎದುರಿಗೇ ಮಗ್ಗ ದಾಟಿ ಒಳಗೆ ಹೋಗಿ, ಅಡಿಗೆಮನೆಯ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿದಳು. ನಾವು ಮಕ್ಕಳೆಲ್ಲ ಬೈಗುಳಕ್ಕೆ ಕಾದೆವು. ಕಾಕಾ ಅವಳ ಖಾಲಿ ಗೂಟವನ್ನು ಹಿಡಿದುಕೊಂಡು ನಿಂತರು. ಆಗ ನನಗೆ ನಿಜವಾಗಿಯೂ ಹೆದರಿಕೆಯಾಯಿತು.

ಬೆಳಗಾಗುವಷ್ಟರಲ್ಲಿ ಕಾಕಾ ಮನೆಯಲ್ಲಿರಲಿಲ್ಲ. ಅವರ ಕಂಬಳಿ ಮಾತ್ರ ಗೂಟದಲ್ಲೇ ಇತ್ತು! ಮನೆಮಂದಿಯ ಕಂಬಳಿಗೆಲ್ಲ ಕಾವಲಿದ್ದ ಮನುಷ್ಯ ಆ ಚಳಿಯಲ್ಲಿ ಬರೀ ಅಂಗಿಯಲ್ಲಿ ಹೊರಟಿದ್ದರು. ಮಾರನೆಯ ಸಂಜೆ ವಾಪಸು ಬಂದಾಗ ಮೈಮೇಲೆ ಯಾರದೋ ದೊಡ್ಡ ಕಂಬಳಿ.

‘ಲಗ್ನಾ ಗಟ್ಟಿ ಆತು’ ಎಂದಷ್ಟೇ ಹೇಳಿ, ಆ ಕಂಬಳಿ ಕೈಯಲ್ಲಿ ಹಿಡಿದುಕೊಂಡು ಗೋಡೆಯ ಮುಂದೆ ಬಹಳ ಹೊತ್ತು ನಿಂತರು. ಅದಕ್ಕೆ ಗೂಟವಿರಲಿಲ್ಲ ನೋಡಿ! ಮುಧೋಳದಲ್ಲಿ ನಡೆದದ್ದನ್ನು ಆಮೇಲೆ ಬೀಗರೇ ಹೇಳಿದರು. ಕಾಕಾ ಅವರ ಬಾಗಿಲಲ್ಲಿ ಗಡಗಡ ನಡುಗುತ್ತ ನಿಂತು, ‘ಗೂಟ ಬ್ಯಾಡ್ರಿ, ನನ್ನ ಮಗಳಿಗಿ ನಿಮ್ಮ ಮನಿ ಮನಸಿಗಿ ಬಂದೈತಿ’ ಎಂದರಂತೆ. ಬೀಗರು ರಾಶಿಯಿಂದ ಒಂದು ಕಂಬಳಿ ಎಳೆದು ಅವರಿಗೆ ಹೊದಿಸಿ, ಒಳಗೆ ಕರೆದುಕೊಂಡು ಹೋದರಂತೆ.

ಮದುವೆಯಾಯಿತು. ಮಗಳನ್ನು ಕಳಿಸುವ ಹೊತ್ತಿಗೆ ಹೆಂಗಸರೆಲ್ಲ ಉಡಿ ತುಂಬುತ್ತಿದ್ದರೆ ಕಾಕಾ ಗೋಡೆಯಿಂದ ಗಂಗಕ್ಕನ ಗೂಟವನ್ನು ಅಲ್ಲಾಡಿಸಿ ಅಲ್ಲಾಡಿಸಿ ಕಿತ್ತು ತಂದು ಅವಳ ಕೈಗಿಟ್ಟರು.

‘ತಮ್ಮಾ, ತಲಿ ಸುದ್ದ ಐತೇನು? ಹೋಗೂ ಹುಡುಗಿಗಿ ಯಾರರೆ ಕಟಗಿ ಕೊಡತಾರೇನು?’ ಎಂದು ಅವ್ವ ಬೈದರು. ಗಂಗಕ್ಕ ಅದನ್ನು ಉಡಿಯ ಅಕ್ಕಿಯಲ್ಲೇ ಹುಗಿದುಕೊಂಡು ಚಕ್ಕಡಿ ಹತ್ತಿದಳು.

ಮುಂದಿನ ದೀಪಾವಳಿ ಬಂತು. ಕಾಕಾ ನಮ್ಮ ಕೈ ಅಳೆಯಲಿಲ್ಲ. ಗೋಡೆಯಲ್ಲಿ ಗಂಗಕ್ಕನ ಗೂಟದ ತೂತು ಹಾಗೇ ಇತ್ತು. ಅಷ್ಟು ಇಕ್ಕಟ್ಟಿನಲ್ಲಿ ಜಾಗ ಸುಮ್ಮನೆ ಹಾಳಾಗುತ್ತದಲ್ಲ ಎಂದು ಅಪ್ಪ ಅಲ್ಲೊಂದು ಗೂಟ ಬಡಿಯಲು ಹೋದರೆ, ಕಾಕಾ ಮಗ್ಗದ ಕುಣಿಯಿಂದಲೇ ‘ಅದು ಖಾಲಿ ಇಲ್ಲಣ್ಣಾ’ ಎಂದರು.

ಸಂಕ್ರಾಂತಿಗೆ ಗಂಗಕ್ಕ ಬಂದಳು. ಬಾಗಿಲಲ್ಲಿ ನಿಲ್ಲಲಿಲ್ಲ, ಕಂಬಳಿ ತೆಗೆಯಲಿಲ್ಲ. ನೆಟ್ಟಗೆ ಮಗ್ಗದ ಹತ್ತಿರ ಬಂದು ಬಗ್ಗಿ, ತನ್ನ ಗಂಟಿನಿಂದ ಆ ನುಣುಪಾದ ಗೂಟ ತೆಗೆದು ಕಾಕಾನ ಕೈಗೆ ಕೊಟ್ಟಳು.

‘ಅಲ್ಲೆ ನಮ್ಮ ಮಾವಾರು ನನಗ ಬ್ಯಾರೆ ಗೂಟ ಬಡಿಸ್ಯಾರಪ್ಪಾ. ನನ್ನ ಕೈ ಅಳತಿ ಹಿಡದ. ಇದು ಇಲ್ಲೇ ಇರಲಿ ಅಂದ್ರು.’

ಕಾಕಾ ಆ ಗೂಟವನ್ನು ಹಿಂದುಮುಂದು ತಿರುಗಿಸಿ ನೋಡುತ್ತ ಕೂತರು. ಬಗ್ಗಿದ್ದ ಗಂಗಕ್ಕನ ಕಂಬಳಿಯಿಂದ ಒಂದು ಕರಿಯ ಎಳೆ ಉದುರಿ, ಕೆಂಪು ಹಾಸಿನ ಮೇಲೆ ಬಿತ್ತು. ನಾವೆಲ್ಲರೂ ನೋಡಿದೆವು. ಕಾಕಾನೂ ನೋಡಿದರು. ಇನ್ನೇನು ಆರಿಸಿ ತೆಗೆಯುತ್ತಾರೆ ಎಂದು ಕಾದೆವು. ಅವರು ಒಂದು ಕೈಯಿಂದ ಕಣ್ಣು ಒರೆಸಿಕೊಂಡು, ಇನ್ನೊಂದು ಕೈಯಿಂದ ಲಾಳಿ ಎಸೆದರು. ಮತ್ತೆ ಎಸೆದರು. ಆ ಎಳೆ ನೂಲಿನೊಳಗೆ ಸೇರಿಹೋಯಿತು.

ಆ ಸೀರೆ ರಬಕವಿಗೆ ಹೋಗಲೇ ಇಲ್ಲ. ಗಂಗಕ್ಕ ಈಗಲೂ ಪ್ರತಿ ಚಳಿಗಾಲ ಅದನ್ನು ಉಡುತ್ತಾಳೆ, ಉಡುವ ಮೊದಲು ಸೆರಗಿನಲ್ಲಿ ಆ ಕರಿಯ ಕೂದಲನ್ನು ಹುಡುಕಿ ಬೆರಳಿನಿಂದ ಸವರುತ್ತಾಳೆ.