ಎಂಟು ವರ್ಷ ಮೇಲ್ಪಟ್ಟವರ ವಿಮಾನ

ವರ್ಗಾವಣೆಯ ನೌಕರಿಯವರಿಗೆ ಊರಿಗೊಂದು ತಾಪತ್ರಯ ಇದ್ದೇ ಇರುತ್ತದೆ. ಒಂದೂರಿನಲ್ಲಿ ನೀರು ಹಿಡಿಸುವುದಿಲ್ಲ, ಇನ್ನೊಂದೂರಿನಲ್ಲಿ ಮ್ಯಾನೇಜರು ಹಿಡಿಸುವುದಿಲ್ಲ. ನನಗೆ ಮಾತ್ರ ಹೋದ ಊರಲ್ಲೆಲ್ಲ ಒಂದೇ ತಾಪತ್ರಯ: ವಿಮಾನ.

ನಾನು ಬ್ಯಾಂಕಿನವನು. ಐವತ್ತರ ಹತ್ತಿರ ಬಂದೆ, ಮದುವೆಯಾಗಿಲ್ಲ. ಯಾಕೆ ಎಂದು ಕೇಳುವವರು ಮೊದಲು ಬಹಳ ಇದ್ದರು, ಈಗ ಅವರೂ ಕೇಳುವುದನ್ನು ಬಿಟ್ಟಿದ್ದಾರೆ. ಸಣ್ಣವನಿದ್ದಾಗ ಯುದ್ಧವಿಮಾನಗಳ ಚಿತ್ರ ಕತ್ತರಿಸಿ ಗೋಡೆಗೆ ಅಂಟಿಸುತ್ತಿದ್ದೆ. ಆ ಹುಚ್ಚು ಇನ್ನೂ ಹೋಗಿಲ್ಲ. ಇಂಡಿ ಎಂಬ ಊರಿನಲ್ಲಿದ್ದಾಗ ಫೋನಿನಲ್ಲಿ ನೋಡಿ ನೋಡಿ, ಎರಡನೇ ಮಹಾಯುದ್ಧದ ಸ್ಪಿಟ್‌ಫೈರ್ ಎಂಬ ಫೈಟರ್ ವಿಮಾನದ ಲೋಹದ ಮಾಡೆಲ್ ಒಂದನ್ನು ತರಿಸಿದೆ. ಅಂಗೈಗಿಂತ ಚೂರು ದೊಡ್ಡದು, ಹಿಡಿದರೆ ಭಾರ, ಬೆರಳು ತಾಗಿಸಿದರೆ ಮುಂದಿನ ಫ್ಯಾನು ತಿರುಗುತ್ತದೆ. ಎಳೆಯ ಸಂಗ್ರಾಹಕರಿಗಾಗಿ, ಎಂಟು ವರ್ಷ ಮೇಲ್ಪಟ್ಟವರಿಗೆ ಎಂದು ಡಬ್ಬಿಯ ಮೇಲೆ ಬರೆದಿತ್ತು. ನಾನು ಎಂಟು ದಾಟಿದವನೇ, ಅಡ್ಡಿಯಿಲ್ಲ ಅಂದುಕೊಂಡೆ.

ಇಂಡಿಯಲ್ಲಿ ಇಳಿದದ್ದು

ಕೊರಿಯರಿನವನು ಮನೆತನಕ ಬರುವ ಪೈಕಿ ಅಲ್ಲ. ಬಸ್ ಸ್ಟ್ಯಾಂಡಿನ ಎದುರಿನ ಚಹಾದಂಗಡಿಯಲ್ಲಿ ಕೂತು ಅಲ್ಲಿಂದಲೇ ಫೋನು ಹಚ್ಚುತ್ತಾನೆ. ಅವತ್ತೂ ಹಚ್ಚಿದ. "ಸಾಹೇಬ್ರ, ನಿಮ್ಮ ಇಮಾನ ಬಂದೈತಿ, ಲಗೂ ಬಂದು ಒಯ್ರಿ."

ಅವನ ದನಿ ದೊಡ್ಡದು. ನಾನು ಹೋಗಿ ಮುಟ್ಟುವಷ್ಟರಲ್ಲಿ ಅಂಗಡಿಯ ಮುಂದೆ ಜನ ಕೂಡಿತ್ತು. ಝಳಕಿಯ ಬಸ್ಸಿಗೆ ಕಾಯುತ್ತಿದ್ದವರು ಬಸ್ಸು ಬಂದರೂ ಹತ್ತಲಿಲ್ಲ. "ಬಿಚ್ಚಿ ತೋರಸ್ರಿ, ನಾವೂ ನೋಡೂಣು" ಅಂದರು. ಬಿಚ್ಚಿದೆ. ಎಲ್ಲರ ಮುಖ ಸಣ್ಣಗಾಯಿತು. "ಇಷ್ಟ ಏನು?" ಅಂದ ಒಬ್ಬ.

ತಲೆಗೆ ಪಟಗಾ ಸುತ್ತಿದ ಮುದುಕರೊಬ್ಬರು ವಿಮಾನವನ್ನು ಕೈಯಲ್ಲಿ ಹಿಡಿದು, ಮೇಲೆತ್ತಿ, ಒಂದು ಕಣ್ಣು ಮುಚ್ಚಿ ನೋಡಿದರು. ಆಮೇಲೆ ನನ್ನ ಪರವಾಗಿ ತೀರ್ಪು ಕೊಟ್ಟರು: "ಬರೋಬರಿ ಐತಿ. ಮ್ಯಾಲ ಹಾರೂವಾಗ ಇಷ್ಟ ಕಾಣತೈತಿ."

ಆ ಊರಿಗೆ ಹೋದ ಮೇಲೆ ಬ್ಯಾಂಕಿನ ಹೊರಗೆ ಅಷ್ಟು ಜನ ನನ್ನ ಕೂಡ ಮಾತಾಡಿದ್ದು ಅದೇ ಮೊದಲು. ಕೋಣೆಗೆ ಬಂದು ವಿಮಾನವನ್ನು ಟಿ.ವಿ. ಮೇಲಿಟ್ಟೆ. ಯಾರಿಗಾದರೂ ತೋರಿಸಬೇಕು ಅನ್ನಿಸಿತು. ತೋರಿಸಬೇಕಾದವರೆಲ್ಲರಿಗೂ ಚಹಾದಂಗಡಿಯಲ್ಲೇ ತೋರಿಸಿ ಮುಗಿದಿತ್ತು.

ಸಿಂದಗಿಯ ಮನೆ ಒಡತಿ

ಮುಂದಿನ ವರ್ಗಾವಣೆ ಸಿಂದಗಿಗೆ. ಅಲ್ಲಿ ಒಬ್ಬಂಟಿ ಗಂಡಸರಿಗೆ ಕೋಣೆ ಸಿಗುವುದು ಅಷ್ಟರಲ್ಲೇ ಇದೆ. ಖಡಕ್ ರೊಟ್ಟಿ ಮಾಡಿ ಮಾರುವ ಅಕ್ಕಾರು ಒಬ್ಬರ ಮನೆಯಲ್ಲಿ ಕೋಣೆ ಖಾಲಿ ಇತ್ತು. ಅವರು ಬಾಗಿಲಲ್ಲೇ ನಿಂತು, "ಸಂಸಾರಸ್ತರಿಗೆ ಅಷ್ಟ ಕೊಡತೇವ್ರಿ" ಅಂದರು. ಅಷ್ಟರಲ್ಲಿ ಅವರ ಕಣ್ಣು ನನ್ನ ಚೀಲದ ಮೇಲಿದ್ದ ವಿಮಾನದ ಡಬ್ಬಿಗೆ ಬಿತ್ತು.

"ಹುಡುಗ ಅದಾನಲ್ಲ, ಮೊದಲ ಹೇಳಬಾರದೇನ್ರಿ?"

"ಅದು ನಂದ ಐತ್ರಿ" ಅಂದೆ.

"ಹೌದ್ರಿ, ಮಕ್ಕಳದೆಲ್ಲಾ ಅಪ್ಪಂದ" ಅಂತ ನಕ್ಕು ಕೀಲಿ ಕೊಟ್ಟರು.

ಹೆಂಡತಿ ಮಕ್ಕಳು ಇಲ್ಲ ಎಂದು ಮುಂದೊಮ್ಮೆ ಹೇಳಿದೆ. ಅವರು ದನಿ ತಗ್ಗಿಸಿ, "ತವರಮನಿಗಿ ಹೋಗ್ಯಾರೇನು? ಇರಲಿ ಬಿಡ್ರಿ. ಸಂಸಾರ ಅಂದಮ್ಯಾಲ ಮಾತಿಗೆ ಮಾತು ಬರತಾವ" ಎಂದು ನನ್ನನ್ನೇ ಸಮಾಧಾನ ಮಾಡಿದರು. ಮತ್ತೆ ಬಿಡಿಸಿ ಹೇಳುವ ಗೋಜಿಗೆ ಹೋಗಲಿಲ್ಲ. ಪ್ರತಿ ಶನಿವಾರ ಶೇಂಗಾ ಹೋಳಿಗೆ ಕಟ್ಟಿಕೊಟ್ಟು, "ಹುಡುಗಗ ಮುಟ್ಟಸ್ರಿ" ಅನ್ನುತ್ತಿದ್ದರು. ನಾನು ಊರಿಗೆ ಹೋಗುವವನಂತೆ ಬಸ್ಸು ಹತ್ತಿ, ಮನಗೂಳಿಯಲ್ಲಿ ಇಳಿದು, ಅಲ್ಲೇ ಕೂತು ಹೋಳಿಗೆ ತಿಂದು, ಹೊಳ್ಳಿ ಬರುವ ಬಸ್ಸಿಗೆ ಕಾಯುತ್ತಿದ್ದೆ.

ಗೊತ್ತಾದರೆ ಕೋಣೆ ಬಿಡಿಸುತ್ತಾರೆ ಅನ್ನುವ ಅಂಜಿಕೆ ಅಷ್ಟಿರಲಿಲ್ಲ. ಸಂಜೆ ಬಂದ ಕೂಡಲೇ "ಹುಡುಗ ಅರಾಮ ಅದಾನ?" ಎಂದು ಒಬ್ಬರು ಕೇಳುತ್ತಿದ್ದರಲ್ಲ, ಅದು ನಿಂತುಹೋದೀತು ಎಂದೇ ಅಂಜಿಕೆ. ದಿನಾ ಒಂದೇ ಉತ್ತರ ಕೊಡುತ್ತಿದ್ದೆ: "ಅರಾಮ ಅದಾನ್ರಿ, ಸ್ವಲ್ಪ ದಪ್ಪ ಆಗ್ಯಾನ."

ಮುದ್ದೇಬಿಹಾಳದ ಖಂಡೇ ಪೂಜೆ

ಅಲ್ಲಿಂದ ಮುದ್ದೇಬಿಹಾಳ. ಟ್ರ್ಯಾಕ್ಟರ್ ರಿಪೇರಿ ಮಾಡುವ ಗ್ಯಾರೇಜಿನ ಮೇಲಿನ ಕೋಣೆ. ದಸರೆಯ ಖಂಡೇ ಪೂಜೆಯ, ಅಂದರೆ ಆಯುಧಪೂಜೆಯ ದಿನ ಗ್ಯಾರೇಜಿನ ಮಾಲೀಕ ಮೇಲೆ ಬಂದು, "ಪೂಜಿ ಐತ್ರಿ, ನಿಮ್ಮ ಗಾಡಿ ತರ್ರಿ" ಅಂದ. ನನಗೆ ಗಾಡಿ ಇಲ್ಲ ಅಂದೆ. ಅವನು ಕಪಾಟಿನಲ್ಲಿದ್ದ ವಿಮಾನದ ಕಡೆ ಕೈ ಮಾಡಿದ.

"ಇದು ಗಾಡಿನೂ ಹೌದು, ಆಯುಧನೂ ಹೌದು. ಇದಕ್ಕ ಮಾಡಲಾರದ ಮತ್ತ್ಯಾವುದಕ್ಕ ಮಾಡೂದ್ರಿ?"

ಮಾತು ತೆಗೆದುಹಾಕುವ ಹಾಗಿರಲಿಲ್ಲ. ವಿಮಾನದ ಮೂತಿಗೆ ಮೂರು ಬೆರಳ ವಿಭೂತಿ ಬಿತ್ತು, ರೆಕ್ಕೆಗೆ ಕುಂಕುಮ, ಬಾಲಕ್ಕೆ ಚೆಂಡುಹೂವು. ಕಾಯಿ ಒಡೆದದ್ದೂ ಆಯಿತು. ಫಜೀತಿ ಬಂದದ್ದು ಲಿಂಬಿಹಣ್ಣಿನಲ್ಲಿ. ಪೂಜೆಯಾದ ಗಾಡಿ ಗಾಲಿಯ ಕೆಳಗಿನ ಲಿಂಬಿಹಣ್ಣು ಒಡೆದು ಮುಂದೆ ಹೋಗಬೇಕು. ನನ್ನ ವಿಮಾನದ ಗಾಲಿ ಕಡಲೆಕಾಳಿನಷ್ಟು. ದೂಡಿದರೆ ಹಣ್ಣೇ ವಿಮಾನವನ್ನು ಎತ್ತಿ ಒಗೆಯಿತು. ಅಪಶಕುನವಾಯಿತೆಂದು ಗ್ಯಾರೇಜಿನವರೆಲ್ಲ ಹಿಂದೆ ಸರಿದರು.

ಮಾಲೀಕ ವಿಚಾರ ಮಾಡಿ, ವಿಮಾನವನ್ನು ಟ್ರ್ಯಾಕ್ಟರಿನ ಬಾನೆಟ್ಟಿನ ಮೇಲೆ ಕೂಡಿಸಿ, ತಾನೇ ಟ್ರ್ಯಾಕ್ಟರ್ ನಡೆಸಿ ಹಣ್ಣು ಒಡೆದ. ಮಹಾಯುದ್ಧ ದಾಟಿ ಬಂದ ವಿಮಾನಕ್ಕೆ ಲಿಂಬಿಹಣ್ಣು ದಾಟಲು ಟ್ರ್ಯಾಕ್ಟರ್ ಬೇಕಾಯಿತು.

ಬಾಗೇವಾಡಿಯ ಸೋಮವಾರ

ಈಗ ಬಸವನ ಬಾಗೇವಾಡಿಯಲ್ಲಿದ್ದೇನೆ. ನಾನು ಕೋಣೆ ಬಿಡುವಾಗ ಸಿಂದಗಿಯ ಅಕ್ಕಾರು ತಮ್ಮ ನಂಬರು ಕೊಟ್ಟಿದ್ದರು. ಹಚ್ಚಬೇಕು ಎಂದು ಎಷ್ಟೋ ಸಲ ಫೋನು ತೆಗೆದೆ. ಹುಡುಗ ಹೇಗಿದ್ದಾನೆ ಎಂದು ಕೇಳಿದರೆ ಏನು ಹೇಳುವುದೆಂದು ಕೆಳಗಿಟ್ಟೆ. ಬ್ಯಾಂಕು ಬಿಟ್ಟ ಮೇಲೆ ಮರುದಿನ ಬ್ಯಾಂಕು ತೆರೆಯುವತನಕ ನನ್ನ ದನಿ ನನಗೇ ಕೇಳದ ದಿನಗಳು ಬಹಳ ಆದವು.

ಶ್ರಾವಣ ಸೋಮವಾರ ಸಂಜೆ ಯಾರೋ ಬಾಗಿಲು ಬಡಿದರು. ನೋಡಿದರೆ ಅದೇ ಅಕ್ಕಾರು. ಬಸವಣ್ಣನ ದರ್ಶನಕ್ಕೆ ಬಂದವರು, ಸಿಂದಗಿಯ ಬ್ಯಾಂಕಿನವರಿಂದ ನನ್ನ ವಿಳಾಸ, ನಂಬರು ಬರೆಸಿಕೊಂಡು ಬಂದು ಮನೆ ಹುಡುಕಿದ್ದರು. ಕಂಕುಳಲ್ಲಿ ಗಂಟು. ಬಿಚ್ಚಿದರೆ, ಹಳೆ ಸೀರೆಗಳ ತುಂಡು ಸೇರಿಸಿ ಕೈಯಿಂದ ಹೊಲಿದ, ಹೊದೆಯುವ ಸಣ್ಣ ಕೌದಿ. "ಹುಡುಗಗ ಹೊಲದೇನ್ರಿ. ಎಲ್ಲದಾನ?"

ಕೋಣೆಯಲ್ಲಿ ಒಂದು ತಾಟು, ಒಂದು ಲೋಟ, ಒಂದು ಕುರ್ಚಿ. ಅವರು ಎಲ್ಲವನ್ನೂ ನೋಡಿದರು.

"ಹುಡುಗ ಇಲ್ರಿ ಅಕ್ಕಾರ. ನನಗ ಲಗ್ನಾನ ಆಗಿಲ್ಲ."

ಅವರು ಕುರ್ಚಿಯ ಮೇಲೆ ಕೂತರು. ಕೌದಿಯನ್ನು ತೊಡೆಯ ಮೇಲಿಟ್ಟುಕೊಂಡು ಕೇಳಿದರು, "ಮತ್ತ ನನ್ನ ಹೋಳಿಗಿ?"

"ನಾನ ತಿಂದೇನ್ರಿ."

"ಎಲ್ಲಾ?"

"ಎಲ್ಲಾ."

"ಹೆಂಗ ಇದ್ದೂ?"

"ಭಾಳ ಛಲೋ ಇದ್ದೂರಿ."

"ಇದನ್ನ ಆವಾಗ ಹೇಳಾಕ ಏನಾಗಿತ್ತು? ಹುಡುಗಗ ರುಚಿ ಹತ್ತವಲ್ದೇನೋ ಅಂತ ಪ್ರತಿ ವಾರ ಬೆಲ್ಲ ಹೆಚ್ಚ ಹಾಕೀನಿ."

ವಿಮಾನ ತರಲು ಹೇಳಿದರು. ಫ್ಯಾನು ತಿರುಗಿಸಿದರು. ಸಂದಿಯಲ್ಲಿ ಉಳಿದಿದ್ದ ವಿಭೂತಿ ನೋಡಿ ಹಣೆಗೆ ಮುಟ್ಟಿಸಿಕೊಂಡರು. "ಇದರಾಗ ಎಷ್ಟ ಮಂದಿ ಕುಂದರತಾರ?"

"ಒಬ್ಬ ಅಷ್ಟರಿ."

"ಅಷ್ಟ ಮ್ಯಾಲ ಒಬ್ಬನ? ಮಾತಾಡಾಕ ಬ್ಯಾಡೇನು?"

"ರೇಡಿಯೋ ಇರತಿತ್ರಿ. ಕೆಳಗಿನವರ ಕೂಡ ಮಾತಾಡತಿದ್ದ."

ಅಕ್ಕಾರು ವಿಮಾನ ಕೆಳಗಿಟ್ಟು ನನ್ನ ಮುಖ ನೋಡಿದರು. "ಮತ್ತ ನಿಮ್ಮ ಫೋನಿಗೆ ಏನ್ ಧಾಡಿ ಆಗಿತ್ತು?"

ನನಗೆ ನಗು ಬಂತು, ಕಣ್ಣಲ್ಲಿ ನೀರೂ ಬಂತು. ಅವರು ಕೌದಿಯನ್ನು ಮಡಚಿ ಮತ್ತೆ ಕಂಕುಳಲ್ಲಿ ಇಟ್ಟುಕೊಂಡು ಹೊರಟುಬಿಟ್ಟರು. ಸಿಟ್ಟಾಗಿದ್ದಾರೆ, ಕೊಟ್ಟದ್ದನ್ನೂ ಒಯ್ದರು ಅಂದುಕೊಂಡೆ. ಮರುದಿನ ಸಂಜೆ ಫೋನು ಬಂತು.

"ಸಾಹೇಬ್ರ, ಕೌದಿಗೆ ಇನ್ನಷ್ಟು ತುಂಡ ಜೋಡಸಾಕತ್ತೇನಿ. ಹುಡುಗನ ಎತ್ತರ ಎಷ್ಟರಿ?"

"ಐದು ಅಡಿ ಎಂಟು ಇಂಚರಿ" ಅಂದೆ.

"ಭಾಳ ಲಗೂ ಬೆಳದಾನ್ರಿ" ಅಂದರು.