ಸಿಗಡಿ ಶೆಡ್ಡಿನ ಮಾಲಕರು ಯಾರು?

ಕಾರವಾರದ ವಕೀಲರೊಬ್ಬರ ಕಚೇರಿಗೆ ಜೂನಿಯರ್ ಆಗಿ ಸೇರಿದ ಮೇಲೆ, ನಗು ತಡೆಯಲು ನಾನು ಫೈಲಿನ ಹಿಂದೆ ಮುಖ ಮುಚ್ಚಿಕೊಳ್ಳದ ವಾರವೇ ಇರಲಿಲ್ಲ. ಹಾರವಾಡದಿಂದ ಬಂದ, ನಾವೆಲ್ಲ ಅಕ್ಕ ಎನ್ನುತ್ತಿದ್ದ ಕಕ್ಷಿದಾರಳ ಕೇಸು ಒಂದೇ ಸಾಕು.

೧

ಅಕ್ಕ ಏಳು ವರ್ಷ ಒಂದು ಶೆಡ್ಡಿನಲ್ಲಿ ಸಿಗಡಿ ಸುಲಿದವಳು. ಮಗಳ ಬಾಣಂತನಕ್ಕೆಂದು ಹದಿನೈದು ದಿನ ರಜೆ ಮಾಡಿ ಮರಳಿದರೆ, ಶೆಡ್ಡಿನ ಸಾವ್ಕಾರರು "ನೀ ನಮ್ಮ ಕೆಲಸದವಳೇ ಅಲ್ಲ" ಎಂದುಬಿಟ್ಟರು. ಅವಳಿಗೆ ಆ ಕೆಲಸ ವಾಪಸ್ ಬೇಕಿತ್ತು, ಅಷ್ಟೇ.

ಇಂಥದೇ ಬೇರೊಂದು ಕೇಸಿನಲ್ಲಿ ಹೈಕೋರ್ಟು ಕೊಟ್ಟ, ಫ್ಯಾಕ್ಸಿನಲ್ಲಿ ಬಂದ ಹೊಸ ತೀರ್ಪನ್ನು ಅವಳಿಗೆ ಬಿಡಿಸಿ ಹೇಳುವುದು ನನ್ನ ಪಾಲಿಗೆ ಬಂತು. ಇಂಗ್ಲಿಷ್ ಶಾಲೆಯಲ್ಲಿ ಕಲಿತ ನಾನು ಬೆವರುತ್ತ ಹೇಳಿದೆ: "ಯಾವಾಗ ಬರಬೇಕು, ಹೇಗೆ ಕೆಲಸ ಮಾಡಬೇಕು ಅಂತ ಯಾರು ಹೇಳ್ತಾರೋ ಅವರೇ ಮಾಲಕರಂತೆ."

ಅಕ್ಕ ಸ್ವಲ್ಪ ಯೋಚಿಸಿದಳು. "ಹಂಗಾರೆ ತಂಗಿ, ನಮ್ಮತ್ತೆ ಮೇಲೂ ಒಂದು ಕೇಸು ಹಾಕೂಕೆ ಬತ್ತದ್ಯಾ?"

೨

ಶೆಡ್ಡಿನಲ್ಲಿ ಹಾಜರಿ ಪುಸ್ತಕವಿಲ್ಲ. ಜೊತೆಯ ಹೆಂಗಸರು ಹೆದರಿ ಸಾಕ್ಷಿಗೆ ಬರಲೊಲ್ಲರು. "ಬೇರೆ ಯಾರೂ ಸಾಕ್ಷಿ ಇಲ್ವಾ?" ಎಂದು ನಮ್ಮ ಸೀನಿಯರ್ ಕೇಳಿದರು.

"ಕೇರಿ ಬೆಕ್ಕುಗಳು ಇದ್ದವಲ್ರಾ. ಏಳು ವರ್ಷ ದಿನಾ ಸಂಜೆ ನನ್ನ ದಾರಿ ಕಾಯ್ತಿದ್ವು. ಈಗ ಒಮ್ಮೆ ಮೂಸಿ ನೋಡಿ ತಿರುಗಿ ಹೋತವೆ."

"ಬೆಕ್ಕಿಗೆ ಸಮನ್ಸ್ ಕೊಡೂಕೆ ಬರೂದಿಲ್ಲ," ಎಂದರು ಸೀನಿಯರ್.

"ಸಮನ್ಸ್ ಎಂತಕೆ? ಸಿಗಡಿ ಸಿಪ್ಪೆ ತೋರ್ಸಿ, ಓಡಿ ಬತ್ತವೆ."

೩

ಕೊನೆಗೆ ಕಾರ್ಮಿಕ ಅಧಿಕಾರಿಯ ಮುಂದೆ ರಾಜಿ ಮಾತುಕತೆಗೆ ದಿನ ಬಂತು. ಸೀನಿಯರ್ ಬೇರೆ ಕೇಸಿಗೆ ಓಡಿದ್ದರಿಂದ ನಾನೊಬ್ಬಳೇ. ಅಕ್ಕ ಇನ್ನೂ ಬಂದಿರಲಿಲ್ಲ. ಅಧಿಕಾರಿಗೆ ಆ ತೀರ್ಪು ಓದಿ ಹೇಳುತ್ತ ಮೂರನೇ ಪುಟಕ್ಕೆ ಬರುವಷ್ಟರಲ್ಲಿ ನನ್ನ ದನಿ ನನಗೇ ಕೇಳಿಸದಷ್ಟು ಇಳಿದಿತ್ತು.

ಸಾವ್ಕಾರರು ಕಾಲ ಮೇಲೆ ಕಾಲು ಹಾಕಿ ಹೇಳಿದರು: "ನಾ ಯಾರಿಗೂ ಬಾ ಹೇಳ್ದವ ಅಲ್ಲ, ಹೋಗು ಹೇಳ್ದವನೂ ಅಲ್ಲ. ಬೇಕಾದವ್ರು ಬೇಕಾದಾಗ ಬತ್ರು, ಸುಲಿತ್ರು, ಹೋತ್ರು. ಈ ಹೆಂಗಸು ಯಾರೋ ಏನೋ."

ಅಷ್ಟರಲ್ಲಿ ಅಕ್ಕ ಏದುಸಿರು ಬಿಡುತ್ತ ಬಾಗಿಲಲ್ಲಿ ಕಾಣಿಸಿಕೊಂಡಳು. ಸಾವ್ಕಾರರ ಕಣ್ಣು ತಾನಾಗಿಯೇ ಗೋಡೆ ಗಡಿಯಾರಕ್ಕೆ ಹೋಯಿತು.

"ಇದು ಬರೂ ಹೊತ್ತನೇ? ನಿಂಗೆ ಎಷ್ಟು ಸಲ ಹೇಳೂದು?"

"ಅಂಕೋಲೆ ಬಸ್ಸು ತಪ್ತು ಸಾವ್ಕಾರ್ರೆ. ನಾಳಿಂದ ಬೇಗ ಬತ್ತೆ," ಎಂದಳು ಅಕ್ಕ, ತಲೆ ತಗ್ಗಿಸಿ.

ಅಧಿಕಾರಿ ನನ್ನ ಕೈಯಿಂದ ತೀರ್ಪು ತೆಗೆದುಕೊಂಡು, ಮಡಚಿ ಬದಿಗಿಟ್ಟು, ಪೆನ್ನು ಹಿಡಿದರು.

"ನಾಳೆಯಿಂದ ಬೇಗ ಬರ್ತಾರಂತೆ. ಎಷ್ಟು ಗಂಟೆಗೆ ಬರ್ಬೇಕು ಹೇಳಿ ಸಾವ್ಕಾರ್ರೆ, ಬರ್ಕೊಳ್ತೇನೆ."

ಸಾವ್ಕಾರರು ಅಕ್ಕನ ಕಡೆ ನೋಡಿದರು, ನನ್ನ ಕಡೆ ನೋಡಿದರು, ಕಾಲು ಕೆಳಗಿಳಿಸಿದರು.

"ಏಳಕ್ಕೆ," ಎಂದರು. "ಒಂದು ನಿಮಿಷ ತಡ ಆದ್ರೂ ಆಗೂದಿಲ್ಲ."