ಟಿವಿಯ ಬೆನ್ನು

ಒಪ್ಪಿಕೊಂಡುಬಿಡುತ್ತೇನೆ: ನಮ್ಮ ಮನೆಗೆ ಟಿವಿ ಬಂದು ಎಷ್ಟೋ ವರ್ಷಗಳಾಗಿದ್ದರೂ ನಾನು ಅದರಲ್ಲಿ ನೋಡಿದ್ದು ಹೆಚ್ಚಾಗಿ ನಮ್ಮವ್ವನ ತುರುಬನ್ನೇ. ಅವ್ವನಿಗೆ ಕಣ್ಣು ಮಂಜು. ಹದಿನಾಲ್ಕು ಇಂಚಿನ ಆ ಪೆಟ್ಟಿಗೆಗೆ ಮೂಗು ತಾಗಿಸಿ ಕೂತರೆ ಮಾತ್ರ ಧಾರಾವಾಹಿಯಲ್ಲಿ ಅತ್ತೆ ಯಾರು, ಸೊಸೆ ಯಾರು ಎಂದು ತಿಳಿಯುತ್ತಿತ್ತು. ಹಿಂದೆ ಕೂತ ನಾವು ಗಂಡ-ಹೆಂಡತಿ ರೇಡಿಯೋ ಕೇಳಿದಂತೆ ಕೇಳುತ್ತಿದ್ದೆವು. "ಅವ್ವಾ, ಚೂರು ಹಿಂದ ಸರಿ" ಎಂದರೆ, "ಸರೀತೇನಿ. ಆದ್ರ ಅಕಿ ಅಳಾಕತ್ತಾಳೋ ನಗಾಕತ್ತಾಳೋ ನೀ ಹೇಳ್ತೀಯೇನು?" ಎನ್ನುತ್ತಿದ್ದಳು. ಇನ್ನು ಕನ್ನಡಕ ಬದಲಿಸಿ ಉಪಯೋಗವಿಲ್ಲ ಎಂದು ಡಾಕ್ಟರು ಹೇಳಿದ ದಿನವೇ, ಕನ್ನಡಕ ಆಗದಿದ್ದರೆ ಟಿವಿಯನ್ನೇ ಬದಲಿಸೋಣ ಎಂದು ತೀರ್ಮಾನಿಸಿದೆ.

ನಾನು ಹೈಸ್ಕೂಲಿನ ಗಣಿತದ ಮಾಸ್ತರ. ಅಳತೆಯ ವಿಷಯದಲ್ಲಿ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ ಎಂಬ ಜಂಬ ಆಗಿನ್ನೂ ಇತ್ತು. ಉಣಕಲ್ಲಿನ ನಮ್ಮ ಮನೆಯ ಪಡಸಾಲೆಯಲ್ಲಿ ಟಿವಿಗೆಂದೇ ಗೋಡೆಯೊಳಗೊಂದು ಗೂಡು ಇದೆ. ಅದರ ಅಗಲ, ಎತ್ತರಕ್ಕೆ ದಾರ ಹಿಡಿದು, ಗಂಟು ಹಾಕಿ, ಜೇಬಿನಲ್ಲಿಟ್ಟುಕೊಂಡು, ಅವ್ವನನ್ನೂ ಹೆಂಡತಿಯನ್ನೂ ಕರೆದುಕೊಂಡು ಹುಬ್ಬಳ್ಳಿಯ ಅಂಗಡಿಗೆ ಹೋದೆ. ಅವ್ವ ಹೆಬ್ಬಳ್ಳಿಯೆಂಬ ಹಳ್ಳಿಯ ಒಕ್ಕಲುತನದ ಮನೆಯವಳು. ಎತ್ತು ಕೊಳ್ಳುವವರ ಹಾಗೆ ಇಪ್ಪತ್ತೊಂಬತ್ತು ಇಂಚಿನದನ್ನು ಒಂದು ಸುತ್ತು ಹಾಕಿ, ಹಿಂದೆ ನಿಂತು ಕೈಯಾಡಿಸಿ ನನ್ನನ್ನು ಕರೆದಳು.

"ತಮ್ಮಾ, ಇದರ ಬೆನ್ನ ಭಾಳ ಉದ್ದ ಐತಲ್ಲೋ."

ಅಂಗಡಿಯವನು ನಕ್ಕುಬಿಟ್ಟ. ನನಗೆ ನಾಚಿಕೆಯಾಗಿ, "ಟಿವಿ ಬೆನ್ನ ಯಾರ ನೋಡ್ತಾರ ಬೇ? ಮುಂದ ಬಾ!" ಎಂದು ರೇಗಿದೆ. ದಾರ ಹಿಡಿದೆ. ಏಕದಂ ಬರೋಬ್ಬರಿ! "ಇದನ್ನ ಕಳಸ್ರಿ" ಎಂದೆ.

ಮರುದಿನ ಟಿವಿ ಬಂತು. ಗೂಡಿನೊಳಗೆ ಅರ್ಧ ಹೋಗಿ, ಬೆನ್ನು ಗೋಡೆಗೆ ತಾಗಿ ನಿಂತಿತು. ಇನ್ನರ್ಧ ಹೊರಗೆ! "ಹಿಡಸೂದಿಲ್ರಿ ಸರ, ಕೈ ಬಿಟ್ರ ಬೀಳ್ತೈತಿ" ಎಂದರು ಹೊತ್ತು ತಂದವರು. ಹೆಂಡತಿ ಮೆಲ್ಲಗೆ ಕೇಳಿದಳು: "ಉದ್ದ, ಅಗಲ, ಆಳ ಅಂತ ದಿನಾ ಹುಡುಗ್ರಿಗೆ ಹೇಳವ್ರು ನೀವ ಅಲ್ರಿ?"

ಕೊನೆಗೆ ಅದು ಇಳಿದದ್ದು ಪಡಸಾಲೆಯ ಮೂಲೆಯಲ್ಲಿದ್ದ ನನ್ನ ಮೇಜಿನ ಮೇಲೆ. ಮೇಜಿನ ಆಚೆ, ಟಿವಿಯ ಬೆನ್ನಿಗೆ ಎದುರಾಗಿ, ಕಿಟಕಿಗೆ ಒತ್ತಿಕೊಂಡು ನನ್ನ ಕುರ್ಚಿ. ಟಿವಿ ಬಿಟ್ಟುಕೊಟ್ಟ ಒಂದು ಗೇಣು ಜಾಗದಲ್ಲೇ ನಾನು ಮಕ್ಕಳ ಪೇಪರು ತಿದ್ದಬೇಕು.

ಅವತ್ತು ಸಂಜೆ ಅವ್ವ ಎದುರಿನ ಗೋಡೆಗೆ ಆರಾಮಾಗಿ ಒರಗಿ ಕೂತಳು. "ಅಯ್ಯ ಶಿವನ, ಅಕಿ ಮೂಗಿನ್ಯಾಗ ನತ್ತ ಐತಲ್ಲೋ! ಎಷ್ಟ ಛಂದ ಐತಿ!" ಎಂದು ಕೂಗಿದಾಗ, ಸುಳ್ಳೇಕೆ ಹೇಳಲಿ, ನನ್ನ ಕಣ್ಣು ತುಂಬಿ ಬಂತು.

ಆ ನತ್ತನ್ನು ನಾನು ಮಾತ್ರ ಇನ್ನೂ ನೋಡಿಲ್ಲ. ದಿನಾ ಸಂಜೆ ಅವ್ವ ಆ ಕಡೆಯಿಂದ ವಿಚಾರಿಸುತ್ತಾಳೆ: "ತಮ್ಮಾ, ಬೆನ್ನ ಹೆಂಗ ಕಾಣತೈತೋ?"

"ಛಲೋ ಕಾಣತೈತಿ ಬೇ" ಎನ್ನುತ್ತೇನೆ. ತುರುಬಾದರೆ ಆಗಾಗ ಅಲುಗಾಡುತ್ತಿತ್ತು.